ಬೇಸಿಗೆಯ ಬಾಟಲಿಗಳು

ತೆಲುಗು ಸೀಮೆಯ ಧರೂರಿನ ಗದ್ದೆಗಳ ಬಸಿನೀರು ಕೃಷ್ಣಾ ನದಿಗೆ ಸೇರುವ ತಿರುವಿನಲ್ಲಿ ಕಿಷ್ಟಮ್ಮ ಮೂವತ್ತು ವರ್ಷದಿಂದ ಕುರಿಗಳಿಗೆ ನೀರು ಕುಡಿಸುತ್ತಿದ್ದಳು. ಅಣ್ಣ ಖಂಡಪ್ಪನ ಮಗಳು ಅನುರಾಧಾಳನ್ನು, ತಾಯಿಯಿಲ್ಲದ ಕೂಸೆಂದು, ಸಾಕಿ ದೊಡ್ಡವಳನ್ನಾಗಿ ಮಾಡಿದವಳೂ ಅವಳೇ. ಆ ಹುಡುಗಿ ಎಂ.ಎಸ್ಸಿ. ಮುಗಿಸಿ, ನದಿ ನೀರು ಪರೀಕ್ಷಿಸುವ ಕೆಲಸ ಹಿಡಿದು ಬಂದು, "ಅತ್ತಿ, ವಾರಕ್ಕೊಮ್ಮೆ ನೀರು ತುಂಬಿ ಕೊಡಾಕ ನೀನ ಆಗಬೇಕು" ಎಂದಾಗ ಕಿಷ್ಟಮ್ಮನ ಎದೆ ಉಬ್ಬಿತು.

ತಿರುವಿನ ತುಂಬ ಅಂತರಗಂಗೆ ಎಂಬ ತೇಲುವ ಕಳೆ ಹಬ್ಬಿತ್ತು. ಪ್ರತಿ ಸೋಮವಾರ ನೀರು ಆ ಕಳೆಗೆ ಹರಿದು ಬರುವ ಮೇಲ್ಗಡೆ ಒಂದು ಬಾಟಲಿ, ಅದನ್ನು ದಾಟಿ ಹೋಗುವ ಕೆಳಗಡೆ ಒಂದು ಬಾಟಲಿ ತುಂಬಬೇಕು. ಕಿಷ್ಟಮ್ಮನಿಗೆ ಅಕ್ಷರ ಬಾರದು. ಮೇಲಿನದಕ್ಕೆ ಕರಿ ಉಣ್ಣೆ, ಕೆಳಗಿನದಕ್ಕೆ ಬಿಳಿ ಉಣ್ಣೆ ಕಟ್ಟುತ್ತಿದ್ದಳು. ಒಂದು ವಾರವೂ ತಪ್ಪಿಸಲಿಲ್ಲ.

"ಗದ್ದಿಗೆ ಹಾಕಿದ ಯೂರಿಯಾ ಬಸಿದು ನದಿಗೆ ಬರತೈತಿ. ಅದರಾಗಿನ ಸಾರಜನಕನ ಈ ಗಿಡ ಹೀರಿಕೊಂಡು ಬೆಳಿತೈತಿ. ಅದಕ್ಕ ಕೆಳಗಿನ ನೀರು ಹಸನ ಇರತೈತಿ," ಎಂದು ಅನುರಾಧಾ ವಿವರಿಸಿದಳು.

"ಬೆಳಿಯೋ ಮುಂದ ಉಣ್ಣತೈತಿ, ಖರೇ. ಸತ್ತು ಕೊಳೆತರ? ಉಂಡದ್ದು ಎಲ್ಲಿ ಹೋಗತೈತಿ?"

ಉತ್ತರ ಏಪ್ರಿಲ್‌ನಲ್ಲಿ ಸಿಕ್ಕಿತು. ನೀರು ಇಳಿದು, ಎಲೆಗಳು ಕಂದಿ ಕೊಳೆತು, ಕುರಿಗಳು ಮೂತಿ ತಿರುಗಿಸಿ ನಿಂತವು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಬಿಳಿ ಉಣ್ಣೆಯ ಬಾಟಲಿಯಲ್ಲಿ ಸಾರಜನಕ ಕರಿಯದಕ್ಕಿಂತ ಹೆಚ್ಚಿತ್ತು. "ನೀ ಕೇಳಿದ್ದು ಸುಳ್ಳಲ್ಲ ಅತ್ತಿ, ಉಂಡದ್ದನ್ನೆಲ್ಲ ಕಾರಾಕತ್ತೈತಿ," ಎನ್ನುತ್ತ ಅನುರಾಧಾ ಬರೆದುಕೊಂಡಳು.

ಎರಡು ವರ್ಷ ಕಳೆಯಿತು. ಊರಲ್ಲಿ ಸಭೆ ಸೇರಿತು. ಬಂದ ಅಧಿಕಾರಿ ಅನುರಾಧಾಳ ವರದಿಯನ್ನು ತೆಲುಗಿನಲ್ಲಿ ಓದಿದ: ಅಂತರಗಂಗೆ ನೀರನ್ನು ಶುದ್ಧ ಮಾಡುತ್ತದೆ, ಇನ್ನು ಮುಂದೆ ಯಾರೂ ಅದನ್ನು ಕೀಳಬಾರದು. ಬೇಸಿಗೆಯ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಿಷ್ಟಮ್ಮ ಕಾದಳು. ಬರಲೇ ಇಲ್ಲ.

ಸಭೆ ಮುಗಿದ ಮೇಲೆ ಅನುರಾಧಾಳನ್ನು ಬೇವಿನ ಮರದಡಿ ನಿಲ್ಲಿಸಿ ಕೇಳಿದಳು, "ಬ್ಯಾಸಗಿ ಬಾಟ್ಲಿ ಎಲ್ಲಿ ಹೋದುವು, ಅನೂ?"

ಅನುರಾಧಾ ನೆಲ ನೋಡಿದಳು. "ಮ್ಯಾಲಿನವರಿಗೆ ಹಸಿರಿದ್ದಾಗಿನ ಲೆಕ್ಕ ಸಾಕಿತ್ತು ಅತ್ತಿ. ನನ್ನ ನೌಕರಿ ಖಾಯಂ ಆಗಬೇಕಿತ್ತು."

"ಅವು ಯಾಕ ಬ್ಯಾಡಾದುವು ಅಂತ ಬರದಿ?"

"ಓದು ಬಾರದವರು ತುಂಬಿದ್ದು... ನಂಬಾಕ ಬರೂದಿಲ್ಲ ಅಂತ."

ಕಿಷ್ಟಮ್ಮ ತನ್ನ ಅಂಗೈ ಅವಳ ಮುಂದೆ ಚಾಚಿದಳು. "ಮಳಿಗಾಲದ ಬಾಟ್ಲಿ ತುಂಬಿದ್ದೂ ಇದ ಕೈ ಅಲ್ಲೇನು?" ಎಂದಳು.

ಶಿವರಾತ್ರಿಗೆ ಮುಂಚೆ ಕಿಷ್ಟಮ್ಮ ಕುಡುಗೋಲು ಹಿಡಿದು ಒಬ್ಬಳೇ ನೀರಿಗಿಳಿದಳು. ನೆರೆಯ ನಾಗಪ್ಪ ದಂಡೆಯಿಂದ ಕೂಗಿದ, "ಕೀಳಬ್ಯಾಡ ಅಂದಾರಬೇ!"

"ಹಸಿರಿದ್ದಾಗ ತಗದರ ಉಂಡದ್ದೆಲ್ಲ ಅದರ ಸಂಗಟ ಹೊರಗ ಬರತೈತಿ. ಕೊಳಿಯಾಕ ಬಿಟ್ರ ನಮ್ಮ ಕುರಿ ಕುಡಿತಾವ."

ನಾಗಪ್ಪ ತಲೆ ಕೆರೆದುಕೊಂಡ, ಆಮೇಲೆ ಧೋತರ ಮೇಲೆ ಕಟ್ಟಿದ. ಮರುದಿನ ಇನ್ನಿಬ್ಬರು ಬಂದರು. ಹದಿನೈದು ದಿನ ಎಳೆದು, ನೀರಿಂದ ದೂರ ಒಡ್ಡಿನ ಮೇಲೆ ರಾಶಿ ಹಾಕಿದರು. ಆ ಬೇಸಿಗೆ ಅವರ ತಿರುವಿನಲ್ಲಿ ಕುರಿಗಳು ನೀರು ಕುಡಿದವು. ಕೀಳದೆ ಬಿಟ್ಟ ಮುಂದಿನ ತಿರುವಿನಲ್ಲಿ ಮೀನು ಸತ್ತು ನಾರಿತು. "ನೀ ಹೇಳಿದ್ದ ಖರೇ ಆತಲ್ಲಬೇ," ಎಂದು ಜನ ಹೊಗಳಿದಾಗ ಅವಳಿಗೆ ಹಿಗ್ಗು ಬರಲಿಲ್ಲ.

ಮೊದಲ ಮಳೆ ಬಿದ್ದ ಮರುದಿನ ಖಂಡಪ್ಪ ಗದ್ವಾಲದಿಂದ ಬಂದು, ಕೈಯಲ್ಲಿದ್ದ ಫೋನನ್ನು ತಂಗಿಯ ಮುಂದೆ ಚಾಚಿದ. "ತಪ್ಪಾತು ಅಂತ ಅನು ಅಳಾಕತ್ಯಾಳ. ಒಂದ ಮಾತು ಆಡು."

ಕಿಷ್ಟಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಳಲಿ ಬಿಡಣ್ಣ. ನನಗ ಇನ್ನೂ ಅಳು ಬಂದಿಲ್ಲ."