ಎಳೆ ಕೂಡಿಸಿದವನಿಗೆ ಕೀಲಿ

ನನ್ನ ದೊಡ್ಡವ್ವನ ಬಲಗೈ ಹೆಬ್ಬೆರಳ ತುದಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದೆಳೆಗಳ ಸುತ್ತು, ಮುಗಿದರೆ, ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಬೂದಿ ಮುಟ್ಟಿದ ಬೆರಳಲ್ಲಿ ಒಂದೊಂದಾಗಿ ಹೊಸೆದು ಕೂಡಿಸಬೇಕು. ಅವಳಿಗೆ ಕೋಪ ಬಂದರೆ ಹೊಸೆಯುತ್ತ ಕೂತುಬಿಡುತ್ತಿದ್ದಳು.

ಕೆರೆ ತುಂಬಿದ ವರ್ಷ ಗುತ್ತಿಗೆದಾರನೊಬ್ಬ ಮೋಟಾರು ದೋಣಿ ತಂದ. ಭಾನುವಾರ ಚಳ್ಳಕೆರೆ, ರಾಂಪುರದಿಂದ ಜನ ಬರತೊಡಗಿದರು. ದೊಡ್ಡವ್ವನ ಒಬ್ಬಳೇ ಮಗಳೂ ಗೆಳತಿಯರ ಜೊತೆ ಹೋದಳು. ದೋಣಿಯವನು ಕುಡಿದಿದ್ದ. ಹುಡುಗಿಯರು ಕಿರುಚಲಿ ಎಂದು ಗಕ್ಕನೆ ತಿರುಗಿಸಿದ, ದೋಣಿ ಮಗುಚಿತು. ಉಳಿದವರನ್ನು ಮೀನು ಹಿಡಿಯುವವರು ಎಳೆದುಕೊಂಡರು. ಅವಳು ಹೆಣವಾಗಿ ಸಿಕ್ಕಳು. "ಗಾಳಿ ಬಂತು" ಎಂದ ಅವನು. ಕೇಸು ಅಲ್ಲಿಗೇ ಮುಗಿಯಿತು.

ಗ್ರಾಮಸಭೆಯಲ್ಲಿ ದೊಡ್ಡವ್ವ ಎದ್ದು ನಿಂತಳು. "ರೋಡಾಗೆ ಕುಡಿದಾರೇನಂತ ಪೊಲೀಸ್ನೋರು ಬೈಕ್‌ನೋರ ಬಾಯಿಗೆ ಮಿಷನ್ ಹಿಡೀತಾರೆ. ನೀರಾಗೆ ಕೇಳೋರು ಯಾರದಾರ್ರಿ?"

ಅಂಥ ಮಿಷನ್ ಪಂಚಾಯಿತಿಗೆ ಎಲ್ಲಿಂದ ಬರಬೇಕು ಎಂದರು ಅಧ್ಯಕ್ಷರು.

"ನನ್ತಾವ ಐತೆ. ದೋಣಿ ಕೀಲಿ ನನ್ ಕೈಗೆ ಕೊಡ್ರಿ."

ಕೊಟ್ಟರು. ಅಂದಿನಿಂದ ದೋಣಿ ನಡೆಸುವವರಲ್ಲಿ ಎರಡು ರೇಷ್ಮೆ ಎಳೆ ಹೊಸೆದು ಕೂಡಿಸಿದವನಿಗೆ ಕೀಲಿ, ಕೈ ತಡವರಿಸಿದವನಿಗೆ ಆ ದಿನ ಕೆಲಸವಿಲ್ಲ. ಹೊಸೆಯಲು ಬಾರದವರಿಗೆ ತಾನೇ ಕೂತು ಕಲಿಸಿದಳು. ಮಗಳನ್ನು ಮುಳುಗಿಸಿದ ಆ ಪಾಪಿಯನ್ನು ತೆಗೆದುಹಾಕಲು ಗುತ್ತಿಗೆದಾರ ಹೊರಟಾಗ ತಡೆದವಳೂ ಅವಳೇ. "ತೆಗೀಬ್ಯಾಡ್ರಿ. ದಿನಾ ನನ್ ಮುಂದೆ ನಿಲ್ಲಲಿ." ಅವನು ನೇಕಾರರ ಮನೆಯಲ್ಲೇ ಹುಟ್ಟಿದವನು, ಎಳೆ ಕೂಡಿಸಲು ಬರುವುದಿಲ್ಲ ಎನ್ನುವ ಹಾಗೂ ಇರಲಿಲ್ಲ.

ಒಂದು ಭಾನುವಾರ ದಂಡೆ ತುಂಬ ಜನ. ಅವನ ಬೆರಳಿಂದ ಎಳೆ ಜಾರಿತು, ಮತ್ತೆ ಜಾರಿತು. ಎಲೆ ಅಲುಗದ ಬಿಸಿಲು.

"ಯಾಕಲೇ, ಗಾಳಿ ಬಂತೇನು?" ಎಂದಳು ದೊಡ್ಡವ್ವ.

ಜನ ಗೊಳ್ಳೆಂದು ನಕ್ಕರು. ಅವನು ತಲೆ ತಗ್ಗಿಸಿ ನಡೆದ. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ?

ಮೊನ್ನೆ ದೊಡ್ಡವ್ವ ತೀರಿಕೊಂಡಳು. ಅವನು ಬಂದು ಬಾಗಿಲಲ್ಲಿ ನಿಂತ. "ಅಕ್ಕಾ, ಒಂದ್ಸಾರಿ ದೊಡ್ಡವ್ವನ ಕಾಲಿಗೆ ಬಿದ್ದು ತಪ್ಪಾತು ಅಂತೀನಿ, ಒಳಕ್ಕೆ ಬಿಡು."

ಅವನ ಬಾಯಿಂದ ಗಪ್ಪನೆ ಹೆಂಡದ ವಾಸನೆ ಹೊಡೆಯಿತು. ನಾನು ಮಗ್ಗದಿಂದ ಎರಡು ಎಳೆ ತಂದು ಅವನ ಕೈಗಿಟ್ಟೆ. ಅಳುತ್ತ ಹೊಸೆದ, ಹೊಸೆದೇ ಹೊಸೆದ. ಕೂಡಲಿಲ್ಲ. ಬಾಗಿಲು ಹಾಕಿಕೊಂಡೆ.

ಈಗ ಕೀಲಿ ನನ್ನ ಸೆರಗಿನಲ್ಲಿದೆ. ಅವನನ್ನು ಕೆಲಸದಿಂದ ತೆಗೆಯಬಾರದೆಂದು ಗುತ್ತಿಗೆದಾರನಿಗೆ ನಾನೂ ಹೇಳಿದ್ದೇನೆ.