ಉಗುರಕ್ಕನ ಸೊನ್ನೆ ಬೆರಳು

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನದು ಕೋಳಿಕಾಲಿನ ಅಕ್ಷರ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು, ಹಾಗಾಗಿ ಕಾಗುಣಿತವೂ ಅಲ್ಲಲ್ಲಿ ಎಡವುತ್ತದೆ. ಉಗುರು ಎಂದು ಬರೆಯುವ ಕಡೆ ನಡುವೆ ಒಂದು ಸೊನ್ನೆ ಬಿದ್ದು ಉಂಗುರ ಆಗಿದ್ದರೆ ದಯವಿಟ್ಟು ತಿದ್ದಿಕೊಂಡು ಓದಿ. ಮೂರು ಸಲ ಕರಡು ಬರೆದು, ನಾಲ್ಕನೇ ಸಲ ಇಲ್ಲಿ ಇಳಿಸುತ್ತಿದ್ದೇನೆ. ನಮ್ಮ ವಾಚನಾಲಯದ ಕೈಬರಹದ ಪತ್ರಿಕೆಗೆ ‘ನಿಮಗೆ ಹೆಮ್ಮೆ ಎನಿಸುವ ಒಬ್ಬರ ಬಗ್ಗೆ ಬರೆಯಿರಿ’ ಎಂದು ಕೇಳಿದಾಗ ಯಾರ ಬಗ್ಗೆ ಎಂದು ನಾನು ಯೋಚಿಸಬೇಕಾಗಲಿಲ್ಲ. ನನ್ನ ಚಿಕ್ಕಮ್ಮ ಇದ್ದಾಳೆ.

ಬೀದಿಯವರೆಲ್ಲ ಅವಳನ್ನು ಉಗುರಕ್ಕ ಎನ್ನುತ್ತಾರೆ. ಅವಳ ಕೃತಕ ಉಗುರಿನ ಅಂಗಡಿ ಟೈಲರ್ ಅಂಗಡಿಯ ಪಕ್ಕದಲ್ಲಿ, ಮಹಡಿ ಮೆಟ್ಟಿಲಿನ ಕೆಳಗಿದೆ. ಒಳಗೆ ಬರುವವರು ಬಗ್ಗಲೇಬೇಕು. “ಎಂಥ ದೊಡ್ಡೋರು ಬಂದ್ರೂ ನನ್ನ ಅಂಗಡಿಗೆ ತಲೆ ಬಗ್ಗಿಸ್ಕೊಂಡೇ ಬರಬೇಕು” ಎಂದು ಅವಳಿಗೆ ಜಂಬ. ಒಂದು ಮೇಜು, ಮೂರು ಸ್ಟೂಲು, ಮಡಿಸಿದ ಟವೆಲ್, ಕತ್ತು ಬಗ್ಗಿಸುವ ದೀಪ, ಉಗುರಿಗೆ ಹಚ್ಚುವ ಅಂಟಿನಂಥ ಜೆಲ್ ಗಟ್ಟಿಯಾಗಿಸುವ ನೀಲಿ ಬೆಳಕಿನ ಪುಟ್ಟ ಪೆಟ್ಟಿಗೆ. ಅಲ್ಲಿರುವುದು ಇಷ್ಟೇ.

ಕೃತಕ ಉಗುರು ಹಾಕುವ ಅಂಗಡಿಗಳು ಮುಖ್ಯರಸ್ತೆಯಲ್ಲಿ ಬೇಕಾದಷ್ಟಿವೆ. ಆದರೆ ಉಗುರು ಕಚ್ಚುವವರು ಹೋದರೆ ಆ ಅಂಗಡಿಯವರೇ ಚಿಕ್ಕಮ್ಮನ ಹತ್ತಿರ ಕಳಿಸುತ್ತಾರೆ. ಕಚ್ಚಿ ಕಚ್ಚಿ ಉಗುರು ಹಿಂದೆ ಸರಿದಿರುತ್ತದೆ, ಬೆರಳ ತುದಿಯ ಮಾಂಸ ದಿಂಬಿನ ಹಾಗೆ ಉಬ್ಬಿರುತ್ತದೆ. ಸಿದ್ಧ ಉಗುರನ್ನು ಅಂಟಿಸಿದರೆ ಅದು ದಿಂಬಿನ ಮೇಲೆ ಕೂತು ಮಾರನೇ ದಿನವೇ ಎದ್ದು ಬರುತ್ತದೆ. ಚಿಕ್ಕಮ್ಮ ಇರುವ ಮೋಟು ಉಗುರಿನ ಕೆಳಗೆ ಕಾಗದದ ಅಚ್ಚು ಹಿಡಿದು, ಜೆಲ್ ಹಚ್ಚಿ, ಅದನ್ನೇ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬೆಳೆಸುತ್ತಾಳೆ. ಬೆರಳ ತುದಿ ದಾಟಿ ಒಂದು ಬೆಂಕಿಕಡ್ಡಿಯ ದಪ್ಪದಷ್ಟೂ ಹೋಗಲು ಬಿಡುವುದಿಲ್ಲ. “ಹಲ್ಲಿಗೆ ಹಿಡಿತ ಸಿಗಬಾರದು ಕಣೇ” ಎನ್ನುತ್ತಾಳೆ.

ಅವಳದು ಇನ್ನೊಂದು ಕಟ್ಟುನಿಟ್ಟಿದೆ. ಕಚ್ಚುವವರಿಗೆ ಅವಳು ಹತ್ತು ಉಗುರು ಹಾಕುವುದಿಲ್ಲ, ಒಂಬತ್ತೇ. ಪ್ರತಿ ಗಿರಾಕಿಯ ಎರಡೂ ಕೈಗಳನ್ನು ನೋಟ್‌ಬುಕ್ಕಿನಲ್ಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಬಿಡಬೇಕಾದ ಬೆರಳಿನ ಮೇಲೆ ಒಂದು ಸೊನ್ನೆ ಬರೆಯುತ್ತಾಳೆ. ನಾವು ಅದನ್ನು ಸೊನ್ನೆ ಬೆರಳು ಎನ್ನುತ್ತೇವೆ. “ಇಷ್ಟು ವರ್ಷದ ಚಟ. ಒಂದೇ ದಿನ ಎಲ್ಲಾ ಬಾಗಿಲೂ ಹಾಕಿದ್ರೆ ಕಿಟಕಿ ಒಡ್ಕೊಂಡು ಬರುತ್ತೆ. ಒಂದು ಬಾಗಿಲು ತೆಗೆದಿಟ್ರೆ ಸುಮ್ಮನೆ ಬಂದು ಹೋಗುತ್ತೆ.” ಇದನ್ನು ಯಾರೂ ಅವಳಿಗೆ ಕಲಿಸಿದ್ದಲ್ಲ. ಮೊದಲು ಅವಳು ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಉಗುರು ಕಚ್ಚಿ ಕಚ್ಚಿ ಬಿಳಿ ಅಂಗಿಗಳಿಗೆ ರಕ್ತದ ಚುಕ್ಕಿ ತಾಗಿಸಿ ಬೈಸಿಕೊಂಡವಳು. ತನ್ನ ಬೆರಳುಗಳ ಮೇಲೆಯೇ ಈ ಕೆಲಸ ಕಲಿತಳು. ಅವಳ ಎಡಗೈ ಕಿರುಬೆರಳು ಇವತ್ತಿಗೂ ಸೊನ್ನೆ.

ನಾನು ಅವಳ ಹತ್ತಿರ ಬಂದು ಎರಡು ವರ್ಷವಾಯಿತು. ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ನನಗೆ ಬಾಯೇ ಬರುತ್ತಿರಲಿಲ್ಲ. ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಮನೆಯಲ್ಲಿ ಎಲ್ಲರೂ ಕೈಚೆಲ್ಲಿದಾಗ ಚಿಕ್ಕಮ್ಮ ಅಂದಳು: “ಬಾಯಿ ಬರದಿದ್ರೆ ಬೇಡ, ಕೈ ಬರುತ್ತಾ ನೋಡೋಣ.” ಒಂದು ವರ್ಷ ಪ್ಲಾಸ್ಟಿಕ್ ಕೈಯೊಂದರ ಉಗುರು ಉಜ್ಜಿದೆ. ಆಮೇಲೆ ನಿಜವಾದ ಬೆರಳು, ಒಂದೊಂದಾಗಿ.

ಕಳೆದ ತಿಂಗಳು ಒಬ್ಬರು ಬಂದರು. ಒಡವೆ ಅಂಗಡಿಯಲ್ಲಿ ಉಂಗುರ ತೋರಿಸುವ ಕೆಲಸ ಅವರದು. ಉಂಗುರವನ್ನು ತಮ್ಮ ಬೆರಳಿಗೇ ತೊಟ್ಟು ಗಿರಾಕಿಗೆ ತೋರಿಸಬೇಕು. ಮ್ಯಾನೇಜರ್ ಮೇಡಂ ಇವರ ಕೈ ನೋಡಿ, “ಇದು ಉಂಗುರ ತೋರಿಸೋ ಕೈಯಾ?” ಎಂದಿದ್ದರಂತೆ. ಮೇಡಂ ಊರಿನಿಂದ ವಾಪಸು ಬರುವ ಮುಂದಿನ ಸೋಮವಾರದೊಳಗೆ ಕೈ ಸರಿಹೋಗದಿದ್ದರೆ ಹಿಂದಿನ ಕೋಣೆಯಲ್ಲಿ ಡಬ್ಬಿ ಕಟ್ಟುವ ಕೆಲಸ. “ಹನ್ನೊಂದು ವರ್ಷ ಆ ಕೌಂಟರಲ್ಲಿ ನಿಂತಿದ್ದೀನಿ ಅಕ್ಕ” ಎಂದು ಹೇಳುವಾಗಲೂ ಅವರ ಹೆಬ್ಬೆರಳು ಬಾಯಲ್ಲೇ ಇತ್ತು.

ಪಕ್ಕದಿಂದ ಟೈಲರ್ ಮಾವ ಇಣುಕಿದರು. “ಓಹೋ, ಉಗುರಕ್ಕನ ಅಂಗಡಿಗೆ ಉಂಗುರಕ್ಕ! ಒಂದೇ ಸೊನ್ನೆ ವ್ಯತ್ಯಾಸ.”

“ನಿಮ್ಮ ಬಾಯಿಗೂ ಒಂದು ಗುಂಡಿ ಹೊಲ್ಕೊಳ್ಳಿ” ಎಂದಳು ಚಿಕ್ಕಮ್ಮ. ಬಂದವರಿಗೆ ಉಂಗುರಕ್ಕ ಎಂಬ ಹೆಸರು ಅಂದೇ ಅಂಟಿತು.

“ಹತ್ತೂ ಹಾಕ್ಬಿಡಿ ಅಕ್ಕ.”

“ಒಂಬತ್ತು.”

“ಅಯ್ಯೋ, ಅರ್ಧ ಸುಣ್ಣ ಬಳಿದ ಗೋಡೆ ಥರ ಕಾಣಲ್ವಾ?”

“ಜನ ಉಂಗುರ ನೋಡ್ತಾರೋ ನಿಮ್ಮ ಕಿರುಬೆರಳು ನೋಡ್ತಾರೋ?”

ಎಡಗೈ ಕಿರುಬೆರಳಿಗೆ ಸೊನ್ನೆ ಬಿತ್ತು. ಒಂಬತ್ತು ಉಗುರು ಮುಗಿಯುವ ಹೊತ್ತಿಗೆ ಮೇಲಿನ ಮನೆಯವರು ನಲ್ಲಿ ಸೋರುತ್ತಿದೆ ಎಂದು ಚಿಕ್ಕಮ್ಮನನ್ನು ಕರೆದರು. “ಎಣ್ಣೆ ಹಚ್ಚಿ ಕಳಿಸು” ಎಂದು ನನಗೆ ಹೇಳಿ ಹೋದಳು.

ಅವಳು ಮೆಟ್ಟಿಲು ಹತ್ತಿದ್ದೇ ತಡ, ಉಂಗುರಕ್ಕ ನನ್ನ ಕೈ ಹಿಡಿದುಕೊಂಡರು. “ಪುಟ್ಟಿ, ನಿನ್ನ ದಮ್ಮಯ್ಯ. ಇದೊಂದೂ ಹಾಕ್ಬಿಡಮ್ಮ. ಮೇಡಂ ಕಣ್ಣು ಹದ್ದಿನ ಕಣ್ಣು.”

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಹತ್ತನೆಯದನ್ನೂ ಹಾಕಿದೆ. ಆಮೇಲೆ ಇನ್ನೂ ಕೆಟ್ಟ ಕೆಲಸ ಮಾಡಿದೆ: ನೋಟ್‌ಬುಕ್ಕಿನ ಸೊನ್ನೆಯನ್ನು ರಬ್ಬರಿನಿಂದ ಅಳಿಸಿದೆ.

ಮೂರು ದಿನ ಬಿಟ್ಟು, ಬುಧವಾರ, ಉಂಗುರಕ್ಕ ಕೈಗಳನ್ನು ಚೀಲದೊಳಗೆ ಬಚ್ಚಿಟ್ಟುಕೊಂಡು ಬಂದರು. ಹೊರಗೆ ತೆಗೆದರೆ ಹತ್ತೂ ಬೋಳು, ತುದಿಗಳು ಕೆಂಪು ಕೆಂಪು. “ಬಸ್ಸಲ್ಲಿ ಕೂತಿದ್ದೆ ಅಕ್ಕ. ಬಾಯಿ ಆ ಕಿರುಬೆರಳು ಹುಡುಕ್ತು. ಅಲ್ಲೂ ಗಟ್ಟಿ. ಹಲ್ಲಲ್ಲಿ ಎಬ್ಬಿಸಿದೆ. ಅದು ಬಂದ್ಮೇಲೆ ಪಕ್ಕದ್ದು, ಅದರ ಪಕ್ಕದ್ದು... ಇಳಿಯೋ ಹೊತ್ತಿಗೆ ಮಡಿಲು ತುಂಬ ಉಗುರು.”

ಚಿಕ್ಕಮ್ಮ ನೋಟ್‌ಬುಕ್ ತೆಗೆದಳು. ಕಿರುಬೆರಳಿನ ಮೇಲೆ ಅಳಿಸಿದ ಗುರುತು ಹಾಗೇ ಇತ್ತು. ಅವಳು ನನ್ನನ್ನು ನೋಡಿದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

“ತಪ್ಪು ಅಂಗಡಿದು. ನಿಮ್ಮದಲ್ಲ” ಎಂದಳು ಉಂಗುರಕ್ಕನಿಗೆ.

“ನಾನೇ ಬಲವಂತ ಮಾಡಿದ್ದು. ಪುಟ್ಟಿಗೆ ಬೈಬೇಡಿ.”

“ಬಲವಂತ ಮಾಡೋದು ಗಿರಾಕಿ ಹಕ್ಕು. ಇಲ್ಲ ಅನ್ನೋದು ನಮ್ಮ ಕೆಲಸ. ಭಾನುವಾರದವರೆಗೆ ಬರೀ ಎಣ್ಣೆ ಹಚ್ಚಿ. ಕೆಂಪು ಇಳಿದ್ರೆ ಮಾತ್ರ ಮತ್ತೆ ಹಾಕೋದು. ಇಳೀದಿದ್ರೆ ನಾನು ಮುಟ್ಟಲ್ಲ.”

ಅವರು ಹೋದ ಮೇಲೆ ನಾನು ಹೇಳಿದೆ, “ಸೊನ್ನೆ ಅಳಿಸಿದ್ದು ನಾನೇ ಚಿಕ್ಕಮ್ಮ.”

“ಗೊತ್ತು. ರಬ್ಬರಿನ ಪುಡಿ ಇನ್ನೂ ಪುಟದಲ್ಲೇ ಇದೆ. ನೀನು ಹಾಕಿದ ಉಗುರೂ ಉಳಿದ ಒಂಬತ್ತರಷ್ಟೇ ಗಟ್ಟಿ ಕೂತಿತ್ತು. ಇಲ್ಲದಿದ್ರೆ ಅದನ್ನ ಎಬ್ಬಿಸೋಕೆ ಅವರು ಅಷ್ಟು ಕಷ್ಟಪಡ್ತಿರಲಿಲ್ಲ.” ಅವಳು ಟವೆಲ್ ಕೊಡವಿ ಮಡಿಸಿದಳು. “ಕೈ ಬಂತು. ಇನ್ನು ಬಾಯಿ ಬರಬೇಕು. ಭಾನುವಾರ ಒಂಬತ್ತೂ ನೀನೇ ಹಾಕು.”

ಭಾನುವಾರ ಕೆಂಪು ಇಳಿದಿತ್ತು. ಚಿಕ್ಕಮ್ಮ ಪ್ರತಿ ಬೆರಳನ್ನೂ ದೀಪದ ಕೆಳಗೆ ಹಿಡಿದು ನೋಡಿ ಒಪ್ಪಿ, ಪಕ್ಕದ ಸ್ಟೂಲಿನಲ್ಲಿ ಕೈಕಟ್ಟಿ ಕೂತಳು. ಎರಡೂವರೆ ಗಂಟೆ ನನ್ನ ಬೆನ್ನು ನೆಟ್ಟಗಾಗಲಿಲ್ಲ. ಅಂಚುಗಳನ್ನು ಉಜ್ಜಿ, ನನ್ನ ತುಟಿಗೆ ತಾಗಿಸಿ ನೋಡಿದೆ. ಹರಕು ಇದ್ದರೆ ತುಟಿಗೆ ತಕ್ಷಣ ಗೊತ್ತಾಗುತ್ತದೆ. ಎಲ್ಲೂ ಇರಲಿಲ್ಲ.

ಒಂಬತ್ತನೆಯದು ಮುಗಿದಾಗ ಉಂಗುರಕ್ಕ ಕಿರುಬೆರಳನ್ನೇ ನೋಡುತ್ತ ಕೂತರು. “ನಾಳೆ ಮೇಡಂ ಇದನ್ನ ನೋಡೇ ನೋಡ್ತಾರೆ ಪುಟ್ಟಿ. ಇವತ್ತೊಂದಿನ ಹಾಕ್ಬಿಡು, ನಾಡಿದ್ದು ತೆಗೆಸ್ಕೋತೀನಿ.”

ಚಿಕ್ಕಮ್ಮ ಸೂರು ನೋಡತೊಡಗಿದಳು. ನನಗೆ ಸಹಾಯ ಸಿಗುವುದಿಲ್ಲ ಎಂದು ಗೊತ್ತಾಯಿತು.

“ಇಲ್ಲ ಅಕ್ಕ” ಎಂದೆ. ದನಿ ಸಣ್ಣದಿತ್ತು, ಆದರೆ ಹೊರಗೆ ಬಂತು. “ಅವರು ಕೇಳಿದ್ರೆ ಹೇಳಿ, ಇದು ಹಲ್ಲಿಗೆ ಬಿಟ್ಟಿದ್ದು, ಉಳಿದ ಒಂಬತ್ತು ಉಂಗುರಕ್ಕೆ.”

ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಉಂಗುರಕ್ಕ ಓಡಿಬಂದರು. ಅವಸರದಲ್ಲಿ ಬಗ್ಗುವುದು ಮರೆತು ಮೆಟ್ಟಿಲಿಗೆ ತಲೆ ಬಡಿಸಿಕೊಂಡು, ಹಣೆ ಉಜ್ಜುತ್ತಲೇ ನಗುತ್ತಿದ್ದರು.

“ಮೇಡಂ ಮೊದಲು ಹಿಡಿದಿದ್ದೇ ಕಿರುಬೆರಳು! ಪುಟ್ಟಿ ಹೇಳಿಕೊಟ್ಟಿದ್ದನ್ನ ಹಾಗೇ ಹೇಳಿದೆ. ಕಿರುಬೆರಳಿಗೇ ಉಂಗುರ ಕೇಳ್ಕೊಂಡು ಯಾರಾದ್ರೂ ಬಂದ್ರೆ ಏನ್ಮಾಡ್ತೀರಿ ಅಂದ್ರು. ಬಲಗೈ ಇದೆಯಲ್ಲ ಮೇಡಂ ಅಂದೆ. ನಕ್ಕುಬಿಟ್ರು. ಹೋಗಿ, ಕೌಂಟರಿಗೆ ಹೋಗಿ ಅಂದ್ರು!”

ಗೋಡೆಯಾಚೆಯಿಂದ ಟೈಲರ್ ಮಾವ ಕೂಗಿದರು. “ನಾನು ಅವತ್ತೇ ಹೇಳ್ಲಿಲ್ವಾ? ಉಗುರ ನಡುವೆ ಒಂದು ಸೊನ್ನೆ ಇಟ್ರೇನೇ ಉಂಗುರ ಆಗೋದು!”

ಈ ಸಲ ಚಿಕ್ಕಮ್ಮ ಅವರನ್ನೂ ಒಳಗೆ ಕರೆದಳು. ಉಂಗುರಕ್ಕನ ಕೈಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು, “ನೋಡಿ ಬನ್ನಿ ಇಲ್ಲಿ, ಇದು ನಮ್ಮ ಹುಡುಗಿ ಕೆಲಸ” ಎಂದಳು. ಅಂದು ಬಂದವರಿಗೆಲ್ಲ ಅದನ್ನೇ ಹೇಳಿದಳು. ನನ್ನ ತಪ್ಪನ್ನು ಮಾತ್ರ ಅಂಗಡಿಯ ತಪ್ಪು ಎಂದಿದ್ದಳು. ಇಂಥವಳು ನನ್ನ ಚಿಕ್ಕಮ್ಮ.

ಆ ಸಂಜೆ ನಾನು ನೋಟ್‌ಬುಕ್ಕಿನಲ್ಲಿ ಉಂಗುರಕ್ಕನ ಪುಟ ತೆಗೆದು, ಅಳಿಸಿದ ಜಾಗದಲ್ಲೇ ಮತ್ತೆ ಸೊನ್ನೆ ಬರೆದೆ. ಈ ಸಲ ಪೆನ್ನಿನಲ್ಲಿ.

ನಾಳೆ ಚಿಕ್ಕಮ್ಮ ಅಂಗಡಿಗೆ ತಡವಾಗಿ ಬರುತ್ತಾಳೆ. ಒಂಬತ್ತಕ್ಕೆ ನಾನೇ ಬಾಗಿಲು ತೆಗೆಯುತ್ತೇನೆ. ಮೊದಲ ಗಿರಾಕಿ ಉಗುರು ಕಚ್ಚುವ ಒಬ್ಬರು ಬಸ್ ಕಂಡಕ್ಟರಮ್ಮ, ಹತ್ತೂ ಬೇಕು ಎಂದು ಈಗಾಗಲೇ ಹೇಳಿ ಕಳಿಸಿದ್ದಾರೆ. ನಾನು ಒಂಬತ್ತು ಹಾಕುತ್ತೇನೆ.