ಇಲ್ಲದವರ ಬಸ್ಸು

ಕಾರ್ಖಾನೆಯ ಬಸ್ ಓಡಿಸುವವನನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ದಿನವೂ ಜನರನ್ನು ಕೆಲಸಕ್ಕೆ ತಂದುಬಿಡುವುದು ಅವನ ಕೆಲಸ. ಪರದೇಶದ ಖರೀದಿದಾರರ ಕಡೆಯವರು ತಪಾಸಣೆಗೆ ಬಂದ ದಿನ ಮಾತ್ರ ಉಲ್ಟಾ. ಹಿಂದಿನ ಶೆಡ್ಡಿನಲ್ಲಿ ಬಟ್ಟೆಗೆ ಬಣ್ಣ ಹಾಕುವವರನ್ನೆಲ್ಲ ಬಸ್ಸಿಗೆ ತುಂಬಿಕೊಂಡು, ಬಂದವರು ಹೋಗುವ ತನಕ ಊರು ಸುತ್ತಿಸಬೇಕು. ಕಾಗದದ ಮೇಲೆ ಆ ಶೆಡ್ಡೂ ಇಲ್ಲ, ಆ ಜನರೂ ಇಲ್ಲ. ಬಣ್ಣವನ್ನೆಲ್ಲ ಇನ್ಯಾವುದೋ ದೊಡ್ಡ ಕಂಪನಿಯಲ್ಲಿ ಹಾಕಿಸುತ್ತಾರಂತೆ! ಸುಳ್ಳಿಗೂ ಒಂದು ಮಿತಿ ಬೇಡವೇ?

ಮೊದಮೊದಲು ಅವನಿಗೂ ಮಜವಾಗಿತ್ತು. ಪುಗಸಟ್ಟೆ ಸವಾರಿ, ಹಾಡು, ನಗು. ಯಾರಾದರೂ ಕೇಳಿದರೆ "ಮದುವೆ ದಿಬ್ಬಣ" ಅನ್ನುತ್ತಿದ್ದ. ಈಗ ಬೆನ್ನು ಸೋತಿದೆ, ಸುಳ್ಳೂ ಹಳಸಿದೆ. ಕೊನೆಯ ಸೀಟಿನಲ್ಲಿ ಅವನ ಹೆಂಡತಿಯೇ ಕೂತು ಕೆಮ್ಮುತ್ತಾಳೆ. ಶೆಡ್ಡಿಗೆ ಕಿಟಕಿಯಿಲ್ಲ, ಬಣ್ಣದ ಹಬೆ ಎದೆಗಿಳಿದಿದೆ. ಮ್ಯಾನೇಜರನ ಹತ್ತಿರ ಹೋಗಿ ಅಂಗಲಾಚಿದ್ದಕ್ಕೆ, "ಇಲ್ಲದ ಶೆಡ್ಡಿಗೆ ಫ್ಯಾನ್ ಹೇಗಪ್ಪಾ ಹಾಕ್ಸೋದು?" ಎಂದು ನಕ್ಕಿದ್ದ.

ಈ ಸಲ ಸುತ್ತಿ ಸುತ್ತಿ ಸಾಕಾಗಿ ಸಿಗ್ನಲ್ಲಿನಲ್ಲಿ ನಿಂತಾಗ, ಪಕ್ಕದಲ್ಲೇ ಮ್ಯಾನೇಜರನ ಕಾರು ಬಂದು ನಿಂತಿತು. ಕೆಲಸ ಮುಗಿಸಿದ ತಪಾಸಣೆಯ ಹೆಂಗಸು ಹಿಂದಿನ ಸೀಟಿನಲ್ಲಿದ್ದಳು. ಬಸ್ಸು ಹತ್ತಿಸುವ ಮೊದಲು ಏಪ್ರನ್ ಬಿಚ್ಚಿಸಲು ಮರೆಯದ ಕಾರ್ಖಾನೆಯವರು ಕೈಗಳನ್ನು ಮರೆತಿದ್ದರು. ಕಿಟಕಿಯ ಸರಳುಗಳ ಮೇಲೆ ಸಾಲಾಗಿ ಕೈಗಳು, ಮೊಣಕೈವರೆಗೂ ನೀಲಿ.

ಅವಳು ಗಾಜಿಳಿಸಿ, "ಯಾರಿವರೆಲ್ಲ?" ಎಂದು ಮಾವನನ್ನೇ ಕೇಳಿದಳು.

"ಮದುವೆ ದಿಬ್ಬಣ ಮೇಡಂ. ಅಲ್ವೇನಪ್ಪಾ?" ಮ್ಯಾನೇಜರ್ ಅಡ್ಡಬಾಯಿ ಹಾಕಿದ.

ಒಂದು ಹೂಂ ಅಂದರೆ ಗಂಡ ಹೆಂಡತಿ ಇಬ್ಬರ ಅನ್ನವೂ ಉಳಿಯುತ್ತಿತ್ತು. ಹಿಂದಿನಿಂದ ಹೆಂಡತಿ, "ಹೌದು ಅಂದ್ಬಿಡ್ರೀ..." ಎನ್ನುವಷ್ಟರಲ್ಲಿ ಕೆಮ್ಮು ಉಳಿದ ಮಾತನ್ನು ನುಂಗಿತು. ಮಾವ ಎಂಜಿನ್ ಆರಿಸಿದ.

"ಇವರು ನಿಮ್ಮ ಬಟ್ಟೆಗೆ ಬಣ್ಣ ಹಾಕೋರು ಕಣಮ್ಮಾ. ಆ ಕೆಮ್ತಿರೋಳು ನನ್ನ ಹೆಂಡ್ತಿ. ನನ್ನ ಹಿಂದೆ ಬನ್ನಿ, ಶೆಡ್ಡು ತೋರಿಸ್ತೀನಿ."

ಹೆಂಗಸು ಆ ಕೈಗಳನ್ನು ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ವರದಿ ಕಳಿಸಾಯ್ತಲ್ಲ," ಎಂದಳು. ಗಾಜು ಮೇಲೇರಿತು. ದೀಪ ಹಸಿರಾಗಿ ಕಾರು ಹೊರಟುಹೋಯಿತು.

ಹಿಂದಿನ ವಾಹನಗಳು ಹಾರ್ನ್ ಬಾರಿಸುತ್ತಿದ್ದವು. ಹೆಂಡತಿ ಎದ್ದು ಬಂದು ಪಕ್ಕದಲ್ಲಿ ಕೂತಳು. ಅವನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ನಾಳೆಯಿಂದ ಕೆಲಸ ಇಲ್ಲ ಕಣೇ, ನಿಂಗೂ."

"ಇಲ್ಲದೋರನ್ನ ಕೆಲಸದಿಂದ ಹೇಗ್ರೀ ತೆಗೀತಾರೆ?" ಎಂದು ಅವಳು ನಗಲು ಹೋದಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ.